ಮನಿ ನಾಯಿ, ಬೆಕ್ಕಿಗೆ ನಿಮ್ಮ ಗುಳಿಗೆ ಕೊಡಬ್ಯಾಡ್ರಿ

ಅಂದೋಲಾ (ಜೇವರ್ಗಿ): ಬೆಕ್ಕಿಗೆ ಜ್ವರ ಬಂದಂಗೈತಿ ಅಂತ ಪ್ಯಾರಸಿಟಮಾಲ್ ಕೊಟ್ಟರೆ ಒಂದೇ ಗುಳಿಗೆ ಜೀವ ತೆಗೆಯಬಹುದು. ಐಬುಪ್ರೊಫೆನ್ ನಾಯಿಯ ಕಿಡ್ನಿ ಕೆಡಿಸುತ್ತದೆ. ವೈದ್ಯರನ್ನು ಕೇಳದೆ ಮನುಷ್ಯರ ಔಷಧಿ ಬೇಡ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು:

ಗಾಯ: ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ 1 ಸಣ್ಣ ಚಮಚ ಉಪ್ಪು ಹಾಕಿ ತೊಳೆಯಿರಿ. ಸೀಮೆಎಣ್ಣೆ, ಖಾರದಪುಡಿ ಹಚ್ಚಬ್ಯಾಡ್ರಿ.

ರಕ್ತ: ಸ್ವಚ್ಛ ಬಟ್ಟೆಯಿಂದ 5 ನಿಮಿಷ ಒತ್ತಿ ಹಿಡಿಯಿರಿ.

ಬಿಸಿಲಿನ ಹೊಡೆತ: ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿದು ಫ್ಯಾನ್ ಹಚ್ಚಿ.

ಇಲಿಪಾಷಾಣ: ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಪಾಕೀಟು ಸಮೇತ ಪಶು ಆಸ್ಪತ್ರೆಗೆ ಒಯ್ಯಿರಿ.

ಬೀದಿನಾಯಿ ಕಚ್ಚಿದರೆ: ಕೈಗವಸು ಹಾಕಿಕೊಂಡು ಸಾಬೂನು ನೀರಿನಿಂದ 15 ನಿಮಿಷ ತೊಳೆಯಿರಿ. ಅದೇ ದಿನ ರೇಬಿಸ್ ಲಸಿಕೆಗೆ ಒಯ್ಯಿರಿ.

ಪಶು ಸಹಾಯವಾಣಿ ನಂಬರ್ 1962.