ವಿಜಯನಗರದ ಓಲಗದಲ್ಲಿ ಅಂಗಭಂಗಿ

ನಮ್ಮ ಶಾಸನಗಳು ಅರಸರ ಬಿರುದುಗಳನ್ನೂ ದಾನದತ್ತಿಗಳನ್ನೂ ವಿಪುಲವಾಗಿ ತಿಳಿಸುತ್ತವೆ. ಆದರೆ ಓಲಗಕ್ಕೆ ಬಂದವರು ಹೇಗೆ ನಿಲ್ಲುತ್ತಿದ್ದರು, ಕೈಗಳನ್ನು ಎಲ್ಲಿ ಇರಿಸಿಕೊಳ್ಳುತ್ತಿದ್ದರು, ದೃಷ್ಟಿಯನ್ನು ಎತ್ತ ನೆಡುತ್ತಿದ್ದರು ಎಂಬುದನ್ನು ಅವುಗಳಿಂದ ತಿಳಿಯುವುದು ಕಷ್ಟ. ಈ ವಿಷಯದಲ್ಲಿ ನಾವು ವಿದೇಶೀ ಪ್ರವಾಸಿಗಳ ಬರಹಗಳನ್ನು ಆಶ್ರಯಿಸಬೇಕಾಗುತ್ತದೆ.

ಕ್ರಿ. ಶ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಸಭಾಮರ್ಯಾದೆಯನ್ನು ಸೂಕ್ಷ್ಮವಾಗಿ ವರ್ಣಿಸಿದ್ದಾನೆ. ಒಳಗೆ ಬಂದ ನಾಯಕರು ಅರಸನಿಗೆ ವಂದಿಸಿ, ಅವನಿಂದ ದೂರದಲ್ಲಿ ಗೋಡೆಯ ಬದಿಗೆ ಸಾಲಾಗಿ ನಿಲ್ಲುತ್ತಿದ್ದರು. ಪರಸ್ಪರ ಮಾತಿಲ್ಲ, ತಾಂಬೂಲ ಮೆಲ್ಲುವಂತಿಲ್ಲ. ಕೈಗಳು ಕಬಾಯಿಯ ತೋಳುಗಳೊಳಗೆ, ಕಣ್ಣುಗಳು ನೆಲದ ಮೇಲೆ. ಅರಸನು ಒಬ್ಬನನ್ನು ಪ್ರಶ್ನಿಸಬೇಕಾದರೆ ಮತ್ತೊಬ್ಬನ ಮೂಲಕ ಪ್ರಶ್ನಿಸುತ್ತಿದ್ದನು. ಪ್ರಶ್ನಿತನಾದವನು ಕಣ್ಣೆತ್ತಿ ಉತ್ತರಿಸಿ ಮತ್ತೆ ಮೊದಲಿನಂತೆಯೇ ನಿಲ್ಲುತ್ತಿದ್ದನು. ಜೋಡಿಸಿದ ಕೈಗಳನ್ನು ತಲೆಯ ಮೇಲೆ ಸಾಧ್ಯವಾದಷ್ಟು ಎತ್ತರಕ್ಕೆ ಎತ್ತುವುದೇ ಅತ್ಯುನ್ನತ ವಂದನೆಯಾಗಿತ್ತು. ಕೆಲವು ವರ್ಷಗಳ ಅನಂತರ ಬರೆದ ನ್ಯೂನಿಜ್ ಇನ್ನೊಂದು ಅಂಶವನ್ನು ತಿಳಿಸುತ್ತಾನೆ: ಅರಸನು ತನ್ನ ಪಾದವನ್ನು ಚುಂಬಿಸಗೊಡುವುದು ದೊಡ್ಡ ಗೌರವ, ಕೈಯನ್ನು ಮಾತ್ರ ಯಾರಿಗೂ ನೀಡುತ್ತಿರಲಿಲ್ಲ.

ಇವನ್ನು ಕೇವಲ ಶಿಷ್ಟಾಚಾರವೆಂದು ಬದಿಗಿಡುವುದು ಯುಕ್ತವಲ್ಲ. ಹೀಗೆ ನಿಂತವರು ಸಾಮಾನ್ಯರಲ್ಲ. ಸೀಮೆಗಳನ್ನು ಅನುಭವಿಸುತ್ತಾ ಸ್ವಂತ ಸೈನ್ಯಗಳನ್ನು ಪೋಷಿಸುತ್ತಿದ್ದ ನಾಯಕರು. ಅಂಥವರಿಂದ ಸಿಂಹಾಸನಕ್ಕೆ ಒದಗಬಹುದಾದ ಅಪಾಯ ಕಲ್ಪಿತವಾದುದಲ್ಲ. 1485ರ ಸುಮಾರಿಗೆ ಸಾಳುವ ನರಸಿಂಹನೂ, 1505ರ ಸುಮಾರಿಗೆ ಕೃಷ್ಣದೇವರಾಯನ ಅಣ್ಣನಾದ ವೀರನರಸಿಂಹನೂ ಹಿಂದಿನ ವಂಶಗಳನ್ನು ಸರಿಸಿಯೇ ಪಟ್ಟವೇರಿದ್ದರು. ತೋಳಿನೊಳಗೆ ಅಡಗಿದ ಕೈ ಕತ್ತಿಯನ್ನು ಹಿಡಿಯಲಾರದು. ನೆಲವನ್ನು ನೋಡುವ ಕಣ್ಣು ನೆರೆಯವನಿಗೆ ಸನ್ನೆ ಮಾಡಲಾರದು. ಆದುದರಿಂದ ಈ ಭಂಗಿಯು ನಾಯಕರ ನಿಷ್ಠೆಯನ್ನು ಸಿದ್ಧಪಡಿಸುತ್ತದೆ ಎನ್ನುವುದಕ್ಕಿಂತ, ಆ ನಿಷ್ಠೆಯನ್ನು ಮತ್ತೆ ಮತ್ತೆ ಎಲ್ಲರೆದುರಿಗೆ ತೋರಿಸಿಕೊಳ್ಳುವ ಅಗತ್ಯ ಅರಸನಿಗಿತ್ತೆಂಬುದನ್ನು ಸೂಚಿಸುತ್ತದೆ ಎಂದು ನಾವು ಭಾವಿಸುತ್ತೇವೆ.

ಇದೇ ಅರಸನ ಇನ್ನೊಂದು ಭಂಗಿಯನ್ನು ತಿರುಮಲೆಯ ದೇವಾಲಯದಲ್ಲಿ ಕಾಣಬಹುದು. ಅಲ್ಲಿಯ ಲೋಹಪ್ರತಿಮೆಯಲ್ಲಿ ಕೃಷ್ಣದೇವರಾಯನು ತಿರುಮಲದೇವಿ, ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತಿದ್ದಾನೆ. ತಲೆಯ ಮೇಲೆ ಎತ್ತರದ ಟೊಪ್ಪಿಗೆಯಿದೆ, ಮೈಮೇಲೆ ಕಬಾಯಿಯಿಲ್ಲ. ಓಲಗದಲ್ಲಿ ವಂದನೆಯನ್ನು ಸ್ವೀಕರಿಸಿದವನು ಇಲ್ಲಿ ತಾನೇ ವಂದಿಸುವವನು. ತನ್ನ ಮೇಲೆ ದೇವರೊಬ್ಬನಲ್ಲದೆ ಬೇರೆ ಒಡೆಯನಿಲ್ಲವೆಂಬ ಅರ್ಥವೂ ಈ ವಿನಯದಲ್ಲಿ ಅಡಗಿದೆಯೆಂದು ಊಹಿಸಬಹುದು.

ಕೈಕಟ್ಟಿ ನಿಲ್ಲು, ತಲೆಬಾಗು, ಕಾಲಿಗೆ ಬೀಳು ಮೊದಲಾದ ನುಡಿಗಟ್ಟುಗಳು ಇಂದಿಗೂ ನಮ್ಮ ಭಾಷೆಯಲ್ಲಿ ಅಧೀನತೆಯನ್ನು ಸೂಚಿಸುತ್ತವೆ. ಅರಸೊತ್ತಿಗೆ ಅಳಿದರೂ ಅದರ ಭಂಗಿಗಳು ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ಉಳಿದಿವೆ. ಯಾರು ಯಾರೆದುರಿಗೆ ಹೇಗೆ ನಿಂತರೆಂಬುದನ್ನು ಶಿಲ್ಪ, ಭಿತ್ತಿಚಿತ್ರ, ಪ್ರವಾಸಕಥನಗಳಿಂದ ಸಂಗ್ರಹಿಸಿ ಪರಿಶೀಲಿಸಿದರೆ, ಶಾಸನಗಳು ಹೇಳದೆ ಬಿಟ್ಟ ಅಧಿಕಾರದ ನಿತ್ಯಸ್ವರೂಪ ನಮ್ಮ ವಿದ್ಯಾರ್ಥಿಗಳಿಗೆ ಗೋಚರಿಸೀತು.