ಝೈತೂನ್ ಬೆಳೆಯದ ಊರಿನ ಸಾಬೂನು

ಉರ್ದುವಿನಲ್ಲಿ ಸಾಬುನ್, ಅರಬಿಯಲ್ಲಿ ಸಾಬೂನ್, ಕನ್ನಡದಲ್ಲಿ ಸಾಬೂನು. ಹೆಸರು ಇಷ್ಟು ದೂರ ನಡೆದು ಬಂದಿದೆ. ಅದರ ಎಣ್ಣೆ ಮಾತ್ರ ಊರೂರಿಗೆ ಬದಲಾಗುತ್ತ ಬಂತು. ಈಗ ಮನೆಯಲ್ಲೇ ಸಾಬೂನು ಮಾಡುವ ಹವ್ಯಾಸ ಹಬ್ಬುತ್ತಿದೆ. ಅಸಲಿ ಸಾಬೂನೆಂದರೆ ಝೈತೂನಿನದ್ದೇ ಎಂಬ ನಂಬಿಕೆಯೂ ಅದರ ಜೊತೆಗೇ ಬಂದಿದೆ. ಕುರ್‌ಆನಿನಲ್ಲಿ ಹೆಸರು ಬಂದಿರುವ ಹಣ್ಣಿನ ಮೇಲೆ ನಮಗೆ ಪ್ರೀತಿ ಇರುವುದು ಸಹಜ. ಆದರೆ ದುಬಾರಿ ಎಣ್ಣೆಯನ್ನು ಪಾತ್ರೆಗೆ ಸುರಿಯುವ ಮೊದಲು ಕೊಂಚ ಚರಿತ್ರೆಯನ್ನೂ ನೋಡೋಣ.

ಪ್ಯಾಲೆಸ್ತೀನಿನ ನಾಬ್ಲುಸ್‌ನಲ್ಲಿ ಸಾಬೂನಿಗೆ ಬೇಕಾದದ್ದು ಝೈತೂನ್ ಎಣ್ಣೆ, ನೀರು ಮತ್ತು ಗಿಡ ಸುಟ್ಟ ಬೂದಿಯಿಂದ ಬರುತ್ತಿದ್ದ ಸೋಡಾ, ಇಷ್ಟೇ. ಕಾಯಿಸಿದ್ದನ್ನು ನೆಲದ ಮೇಲೆ ಹರಡಿ, ಕತ್ತರಿಸಿ, ಗಾಳಿಯಾಡುವಂತೆ ಒಳಗೆ ಟೊಳ್ಳಾದ ಗೋಪುರ ಕಟ್ಟಿ ಒಣಗಿಸುತ್ತಾರೆ. ಅಲೆಪ್ಪೊದವರು ಅದಕ್ಕೆ ಲಾರೆಲ್ ಎಣ್ಣೆ ಬೆರೆಸುತ್ತಾರೆ. ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುತ್ತಿದ್ದದ್ದು ಝೈತೂನ್. ಅವರು ಅದನ್ನೇ ಬಳಸಿದರು. 2002ರಲ್ಲಿ ಇಸ್ರೇಲಿ ಸೇನೆ ನಾಬ್ಲುಸ್‌ಗೆ ನುಗ್ಗಿದಾಗ ಹಳೆಯ ಸಾಬೂನು ಕಾರ್ಖಾನೆಗಳೂ ನೆಲಕ್ಕುರುಳಿದವು. 2024ರಲ್ಲಿ ಯುನೆಸ್ಕೊ ಎರಡೂ ಊರುಗಳ ಕಸುಬನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು.

ಫ್ರಾನ್ಸಿನ ಮಾರ್ಸೇಯ ಕಥೆ ಬೇರೆ. ಝೈತೂನ್ ಎಣ್ಣೆಗೆ ಬೇರೆ ಕೊಬ್ಬು ಬೆರೆಸಿದರೆ ಮಾಲು ಮುಟ್ಟುಗೋಲು ಎಂದು 1688ರಲ್ಲಿ ಹದಿನಾಲ್ಕನೆಯ ಲೂಯಿ ಶಾಸನ ಹೊರಡಿಸಿದ. ಹತ್ತೊಂಬತ್ತನೆಯ ಶತಮಾನಕ್ಕೆ ಬರುವಾಗ ಅದೇ ಊರಿನ ಹಡಗುಕಟ್ಟೆಗೆ ಆಫ್ರಿಕದ ತಾಳೆ ಎಣ್ಣೆ ಮತ್ತು ಸೆನೆಗಲ್ಲಿನ ಕಡಲೆಕಾಯಿ ಬಂದಿಳಿಯುತ್ತಿದ್ದವು. ವಸಾಹತಿನ ಎಣ್ಣೆ ಅಗ್ಗವಾದಾಗ ರಾಜಾಜ್ಞೆ ಯಾರಿಗೆ ನೆನಪಿರುತ್ತದೆ?

ನಮ್ಮಲ್ಲಿ ಪ್ರಶ್ನೆ ಎದ್ದದ್ದು ಪ್ರಾಣಿಕೊಬ್ಬಿನಿಂದ. ವಿಲಾಯಿತಿ ಸಾಬೂನಿನಲ್ಲಿ ಯಾವ ಪ್ರಾಣಿಯ ಕೊಬ್ಬಿದೆಯೋ ಎಂಬ ಅನುಮಾನ ಹಿಂದೂವಿಗೂ ಇತ್ತು, ಮುಸಲ್ಮಾನನಿಗೂ ಇತ್ತು. 1857ರ ಕಾಡತೂಸಿನ ನೆನಪಿದ್ದ ದೇಶವಿದು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಪಾರ್ಸಿಯಾದ ಅರ್ದೇಶಿರ್ ಗೋದ್ರೇಜ್ ಸಸ್ಯದ ಎಣ್ಣೆಯ ಸಾಬೂನನ್ನು ಮಾರುಕಟ್ಟೆಗೆ ತಂದರು. ಇಬ್ಬರ ಅನುಮಾನಕ್ಕೂ ಉತ್ತರ ಮೂರನೆಯವನಿಂದ ಬಂದದ್ದು ನಮಗೆ ಯಾವತ್ತೂ ಇಷ್ಟವಾಗುವ ಸಂಗತಿ. ಅದೇ ಯುದ್ಧದಿಂದ ಗಂಧದ ರಫ್ತು ನಿಂತಾಗ ಮೈಸೂರು ಸರಕಾರ 1916ರಲ್ಲಿ ಗಂಧದೆಣ್ಣೆ ತೆಗೆಯಲು ತೊಡಗಿತು. ಬೆಂಗಳೂರಿನ ಸರಕಾರಿ ಕಾರ್ಖಾನೆಯಲ್ಲಿ ಅದು ಸಾಬೂನಿಗೂ ಸೇರಿತು. ಮುಂದೆ ಖಾದಿ ಗ್ರಾಮೋದ್ಯೋಗದವರು ಊಟಕ್ಕೆ ಬಾರದ ಹೊಂಗೆ, ಬೇವು, ಹಿಪ್ಪೆ ಎಣ್ಣೆಗಳನ್ನೂ ಸಾಬೂನಿಗೆ ತಂದರು.

ಝೈತೂನ್ ಸಾಬೂನಿನ ಮೃದುತನ ಬಹುಪಾಲು ಅದರಲ್ಲಿರುವ ಓಲಿಯಿಕ್ ಆಮ್ಲದ್ದು. ಕಡಲೆಕಾಯಿ ಎಣ್ಣೆಯಲ್ಲೂ, ಅಕ್ಕಿ ತೌಡಿನ ಎಣ್ಣೆಯಲ್ಲೂ ಅದು ಸಾಕಷ್ಟಿದೆ. ಕೊಬ್ಬರಿ ಎಣ್ಣೆ ಗಟ್ಟಿತನವನ್ನೂ ನೊರೆಯನ್ನೂ ಕೊಡುತ್ತದೆ, ಹೆಚ್ಚಾದರೆ ಚರ್ಮ ಒಣಗುತ್ತದೆ. ಸ್ವಲ್ಪ ಹರಳೆಣ್ಣೆ ಸೇರಿದರೆ ನೊರೆ ನಿಲ್ಲುತ್ತದೆ. ಹೊಂಗೆಗೆ ವಾಸನೆ ಇದೆ. ಬಟ್ಟೆ ಸಾಬೂನಿಗೆ ಅಡ್ಡಿಯಿಲ್ಲ.

ಎಣ್ಣೆ ಬದಲಿಸಿ ಕಾಸ್ಟಿಕ್ ಸೋಡಾದ ಅಳತೆಯನ್ನು ಹಾಗೇ ಉಳಿಸುವುದು ಮಾತ್ರ ಅಪಾಯ. ಒಂದು ಕಿಲೋ ಝೈತೂನ್ ಎಣ್ಣೆಗೆ ಸುಮಾರು 135 ಗ್ರಾಂ ಸೋಡಾ ಬೇಕು, ಕೊಬ್ಬರಿ ಎಣ್ಣೆಗೆ ಸುಮಾರು 180 ಗ್ರಾಂ. ಕೊಬ್ಬರಿಯ ಲೆಕ್ಕದಲ್ಲಿ ಝೈತೂನಿಗೆ ಹಾಕಿದರೆ ಮಿಕ್ಕ ಸೋಡಾ ಮೈ ಸುಡುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಕತ್ತರಿಸಿದ ಬಿಲ್ಲೆಗಳನ್ನು ನಾಬ್ಲುಸಿನವರಂತೆ ಗಾಳಿಯಾಡುವ ಗೋಪುರ ಕಟ್ಟಿ, ನಾಲ್ಕಾರು ವಾರ ನೆರಳಿನಲ್ಲಿ ಬಿಡಬೇಕು.