ಮೂಗಿಗೆ ಪೆಟ್ಟು ಬಿದ್ದು ರಕ್ತ ನಿಂತಿತು, ಆದರೂ ಉಸಿರು ಕಟ್ಟುತ್ತಿದೆಯೇ?

“ಮೂಗಿಗೆ ಪೆಟ್ಟು ಬಿದ್ದರೆ ತಲೆ ಹಿಂದಕ್ಕೆ ಬಾಗಿಸಿ. ರಕ್ತ ನಿಂತರೆ ಭಯವಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಎಂದಾದರೆ ಇನ್ನೇನೂ ಬೇಡ.” ಇಂಥ ಸಲಹೆಗಳನ್ನು ವಾಟ್ಸಾಪ್ ಗುಂಪುಗಳಲ್ಲೂ ಮನೆಯ ಹಿರಿಯರ ಬಾಯಲ್ಲೂ ಕೇಳಿರುತ್ತೀರಿ. ಮೊದಲನೆಯದು ಪೂರ್ತಿ ತಪ್ಪು. ಉಳಿದೆರಡು ಅರ್ಧ ಸತ್ಯ, ಮಕ್ಕಳ ವಿಷಯದಲ್ಲಂತೂ ಅಪಾಯಕಾರಿ ಅರ್ಧ ಸತ್ಯ.

ಮೊದಲು ಸಮಾಧಾನದ ಮಾತು. ಕಬಡ್ಡಿಯಲ್ಲಿ ಮೊಣಕೈ ತಗುಲಿದರೆ, ಕ್ರಿಕೆಟ್ ಬಾಲ್ ಬಡಿದರೆ, ಎತ್ತಿಕೊಂಡ ಮಗು ತಲೆಯಿಂದ ಗುದ್ದಿದರೆ ಮೂಗು ಕಟ್ಟುವುದು ಸಾಮಾನ್ಯ. ಒಳಪದರ ಊದಿಕೊಳ್ಳುತ್ತದೆ, ಹೆಪ್ಪುಗಟ್ಟಿದ ರಕ್ತ ದಾರಿಗೆ ಅಡ್ಡವಾಗುತ್ತದೆ. ಹೆಚ್ಚಿನವರಲ್ಲಿ ಇದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ಕಡಿಮೆಯಾಗುವ ಬದಲು ಹೆಚ್ಚಾಗುತ್ತಿದ್ದರೆ ಮಾತ್ರ ಕಥೆ ಬೇರೆ.

ನಡುಗೋಡೆಯಲ್ಲಿ ರಕ್ತ ನಿಂತರೆ

ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇದೆ. ವೈದ್ಯರು ಅದನ್ನು ಸೆಪ್ಟಮ್ ಎನ್ನುತ್ತಾರೆ. ಅದರ ಮುಂಭಾಗ ಗಟ್ಟಿ ಮೂಳೆಯಲ್ಲ, ಕಿವಿಯ ಮೇಲ್ಭಾಗದಂತೆ ಬಾಗುವ ಮೃದ್ವಸ್ಥಿ. ಇದಕ್ಕೆ ತನ್ನದೇ ಆದ ರಕ್ತನಾಳಗಳಿಲ್ಲ. ಎರಡೂ ಬದಿಗೆ ಅಂಟಿಕೊಂಡಿರುವ ತೆಳುಪೊರೆಯಿಂದಲೇ ಇದಕ್ಕೆ ಪೋಷಣೆ ಸಿಗಬೇಕು. ಪೆಟ್ಟು ಬಿದ್ದಾಗ ಆ ಪೊರೆಯ ಸಣ್ಣ ರಕ್ತನಾಳ ಒಡೆದು, ಪೊರೆಗೂ ಮೃದ್ವಸ್ಥಿಗೂ ನಡುವೆ ರಕ್ತ ತುಂಬಿಕೊಳ್ಳಬಹುದು. ಇದರ ಹೆಸರು ಸೆಪ್ಟಲ್ ಹೆಮಟೋಮಾ.

ಪೊರೆ ಬಿಟ್ಟುಕೊಂಡರೆ ಮೃದ್ವಸ್ಥಿಗೆ ಪೋಷಣೆ ತಪ್ಪುತ್ತದೆ. ಮೂರ್ನಾಲ್ಕು ದಿನಗಳಲ್ಲೇ ಅದು ಸಾಯಲು ಶುರುವಾಗಬಹುದು. ನಿಂತ ರಕ್ತಕ್ಕೆ ಸೋಂಕು ತಗುಲಿ ಕೀವಾದರೆ ಹಾನಿ ಇನ್ನೂ ಬೇಗ. ಆಮೇಲೆ ಮೂಗಿನ ಮೇಲ್ಭಾಗ ಕುಸಿದು ಕುದುರೆಯ ಜೀನಿನಂತೆ ತಗ್ಗಾಗಬಹುದು, ಗೋಡೆಯಲ್ಲಿ ತೂತು ಬೀಳಬಹುದು, ಉಸಿರಾಟದ ತೊಂದರೆ ಶಾಶ್ವತವಾಗಬಹುದು.

ಇದು ಅಪರೂಪ, ನಿಜ. ಆದರೆ ಮಕ್ಕಳಿಗೆ ಸಣ್ಣದಾಗಿ ಎಡವಿ ಬಿದ್ದರೂ ಆಗಬಹುದು. ಮೂಳೆ ಮುರಿಯದೆಯೂ ಆಗಬಹುದು. ಹೊರಗಿನಿಂದ ಮೂಗು ನೆಟ್ಟಗೇ ಕಾಣುತ್ತಿರಬಹುದು. ಎಕ್ಸ್‌ರೇಯಲ್ಲಿ ಮೃದ್ವಸ್ಥಿಯೂ ಕಾಣುವುದಿಲ್ಲ, ಅದಕ್ಕೆ ಅಂಟಿ ನಿಂತ ರಕ್ತವೂ ಕಾಣುವುದಿಲ್ಲ. ಹಾಗಾಗಿ “ಎಕ್ಸ್‌ರೇ ನಾರ್ಮಲ್” ಎಂಬ ವರದಿ ಈ ಪ್ರಶ್ನೆಗೆ ಉತ್ತರವೇ ಅಲ್ಲ. ಹೊಳ್ಳೆಯೊಳಗೆ ಬೆಳಕು ಬಿಟ್ಟು ನೋಡಬೇಕು, ಮೆಲ್ಲಗೆ ಮುಟ್ಟಿ ಪರೀಕ್ಷಿಸಬೇಕು. ಇಎನ್‌ಟಿ ವೈದ್ಯರಿಗೆ ಇದು ಕೆಲವೇ ನಿಮಿಷಗಳ ಕೆಲಸ.

ಮೊಬೈಲ್ ಟಾರ್ಚ್ ಹಿಡಿದು ನೀವೂ ನೋಡಬಹುದು. ಗೋಡೆ ಮೊದಲಿನಿಂದಲೇ ಸೊಟ್ಟಗಿದ್ದರೆ ಒಂದು ಬದಿ ಉಬ್ಬಿ ಇನ್ನೊಂದು ಬದಿ ತಗ್ಗಾಗಿರುತ್ತದೆ. ಎರಡೂ ಬದಿಯಲ್ಲಿ ಗೋಡೆಯಿಂದಲೇ ಕೆಂಪು ಅಥವಾ ನೇರಳೆ ಬಣ್ಣದ ಉಬ್ಬು ಎದ್ದಿದ್ದರೆ ಅನುಮಾನಪಡಬೇಕು. ಆದರೆ ಇದು ಒಂದೇ ಬದಿಯಲ್ಲೂ ಆಗಬಹುದು, ಆದ್ದರಿಂದ ಏನೂ ಕಾಣಲಿಲ್ಲ ಎಂದು ಸುಮ್ಮನಾಗಬೇಡಿ. ಇಯರ್ ಬಡ್ಸ್ ಹಾಕಿ ಒತ್ತಿ ನೋಡುವ ಸಾಹಸವೂ ಬೇಡ. ಪೆಟ್ಟು ಬಿದ್ದ 1ರಿಂದ 3 ದಿನಗಳಲ್ಲಿ ಮೂಗು ಮತ್ತಷ್ಟು ಕಟ್ಟುತ್ತಿದ್ದರೆ, ನೋವು ಏರುತ್ತಿದ್ದರೆ ಅಥವಾ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಎನ್ನಬೇಡಿ. ಸಣ್ಣ ಗಾಯ ಮಾಡಿ ರಕ್ತ ಹೊರತೆಗೆದು, ಮತ್ತೆ ತುಂಬಿಕೊಳ್ಳದಂತೆ ಪ್ಯಾಕ್ ಇಡುತ್ತಾರೆ ಅಥವಾ ಹೊಲಿಗೆ ಹಾಕುತ್ತಾರೆ.

ಮೂಗು ಬಿಡಿಸುವ ಡ್ರಾಪ್ಸ್ ಇಲ್ಲಿ ದಾರಿ ತಪ್ಪಿಸುತ್ತದೆ. ಅದು ಊದಿದ ಒಳಪದರವನ್ನು ಕುಗ್ಗಿಸುತ್ತದೆಯೇ ಹೊರತು ನಿಂತ ರಕ್ತವನ್ನಲ್ಲ. ದಿನಗಟ್ಟಲೆ ಹಾಕುತ್ತಾ ಹೋದರೆ ಆ ಔಷಧಿಯಿಂದಲೇ ಮೂಗು ಕಟ್ಟತೊಡಗುತ್ತದೆ.

ರಕ್ತ ಸೋರುವಾಗ ತಲೆಯನ್ನು ಹಿಂದಕ್ಕಲ್ಲ, ಮುಂದಕ್ಕೆ ಬಾಗಿಸಿ ಕುಳಿತು, ಮೂಗಿನ ಮೆತ್ತನೆಯ ಕೆಳಭಾಗವನ್ನು 10ರಿಂದ 15 ನಿಮಿಷ ಬಿಡದೆ ಹಿಡಿಯಿರಿ. ನಡುನಡುವೆ ಬಿಟ್ಟು ನೋಡಬಾರದು. ಹಿಂದಕ್ಕೆ ಬಾಗಿಸಿದರೆ ರಕ್ತ ಗಂಟಲಿಗೆ ಇಳಿದು ವಾಂತಿಯಾಗುತ್ತದೆ. ಆಮೇಲೂ ನಿಲ್ಲದಿದ್ದರೆ, ಪ್ರಜ್ಞೆ ತಪ್ಪಿದ್ದರೆ, ಅಥವಾ ಬಾಗಿದಾಗ ಮೂಗಿನಿಂದ ನೀರಿನಂಥ ತಿಳಿ ದ್ರವ ತೊಟ್ಟಿಕ್ಕಿದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಆ ದ್ರವ ಮಿದುಳಿನ ಸುತ್ತಲಿನದ್ದಾಗಿರಬಹುದು.

ವಾರಗಳಾದರೂ ಬಿಡದ ಮೂಗು

ಊತ ಇಳಿದ ಮೇಲೆ ಮೂಗು ಸೊಟ್ಟಗೆ ಕಂಡರೆ ಮನೆಯಲ್ಲಿ ಒತ್ತಿ ನೆಟ್ಟಗೆ ಮಾಡಲು ಹೋಗಬೇಡಿ. ಹಾಗೆಂದು ತಿಂಗಳುಗಟ್ಟಲೆ ಕಾಯಲೂ ಬೇಡಿ. ಸರಿದ ಮೂಳೆಯನ್ನು ಕೊಯ್ಯದೆ ಕೂರಿಸಲು ದೊಡ್ಡವರಲ್ಲಿ ಸುಮಾರು ಎರಡು ವಾರ, ಮಕ್ಕಳಲ್ಲಿ ಸುಮಾರು ಒಂದು ವಾರದ ಅವಕಾಶವಷ್ಟೇ ಇರುತ್ತದೆ.

ಹೊರಗೆ ಏನೂ ಕಾಣದಿದ್ದರೂ ಹೊಳ್ಳೆಯ ಒಳಗೆ, ಗಾಳಿಯ ದಾರಿ ಅತಿ ಕಿರಿದಾಗಿರುವ ಜಾಗದಲ್ಲಿ, ಗೋಡೆ ಒಂಚೂರು ಸರಿದಿದ್ದರೂ ಉಸಿರಿಗೆ ದೊಡ್ಡ ವ್ಯತ್ಯಾಸವಾಗುತ್ತದೆ. ಕೆನ್ನೆಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದಾಗ ಉಸಿರು ಸಲೀಸಾದರೆ ತೊಂದರೆ ಅಲ್ಲಿರಬಹುದು. ಬರೆಯುವ ಮುನ್ನ ನಾವೂ ಕನ್ನಡಿಯ ಮುಂದೆ ಎಳೆದು ನೋಡಿದೆವು. ಪೆಟ್ಟೇ ಬೀಳದ ನಮಗೂ ಉಸಿರು ಸಲೀಸಾಯಿತು! ಇಷ್ಟರಿಂದಲೇ ರೋಗ ತೀರ್ಮಾನಿಸಲಾಗದು.

ಇನ್ನೊಂದು ವಿಷಯ. ಆರೋಗ್ಯವಂತರಲ್ಲೂ ಕೆಲವು ಗಂಟೆಗಳಿಗೊಮ್ಮೆ ಒಂದು ಹೊಳ್ಳೆ ಸ್ವಲ್ಪ ಕಟ್ಟಿ ಇನ್ನೊಂದು ತೆರೆದುಕೊಳ್ಳುತ್ತಿರುತ್ತದೆ. ಪೆಟ್ಟು ಬಿದ್ದ ಮೇಲೆಯೇ ನಮಗೆ ಅದರ ಕಡೆ ಗಮನ ಹೋಗುವುದು. ಕಟ್ಟುವ ಬದಿ ಬದಲಾಗುತ್ತಿದ್ದರೆ ಅದು ಮೂಗಿನ ಸಹಜ ಚಕ್ರವೇ ಇರಬಹುದು. ವಾರಗಳು ಕಳೆದರೂ ಯಾವಾಗಲೂ ಒಂದೇ ಬದಿ ಕಟ್ಟಿರುತ್ತಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.